ಒಂದೇ ಅಣು, ಮೂರು ಅಂಕಿ: ಔಷಧ ಪ್ರೋಟೀನಿಗೆ ಎಷ್ಟು ಬಿಗಿಯಾಗಿ ಅಂಟುತ್ತದೆ ಎಂದು ಅಳೆಯುವ ಬಗೆ

ಪ್ರಶ್ನೆ: ನಾನು ಎಂ.ಎಸ್ಸಿ. ಬಯೋಕೆಮಿಸ್ಟ್ರಿ ಕೊನೆಯ ವರ್ಷದ ವಿದ್ಯಾರ್ಥಿನಿ. ಪ್ರಾಜೆಕ್ಟಿಗಾಗಿ ಅರಿಶಿನದ ಕರ್ಕ್ಯುಮಿನ್ ಅಣುವನ್ನು ಕ್ಯಾನ್ಸರಿಗೆ ಸಂಬಂಧಿಸಿದ ಒಂದು ಕೈನೇಸ್ ಪ್ರೋಟೀನಿಗೆ (ಒಂದು ಬಗೆಯ ಕಿಣ್ವ) ಡಾಕಿಂಗ್ ಮಾಡಿದೆ, ಅಂದರೆ ಅಣು ಅದರಲ್ಲಿ ಹೇಗೆ, ಎಷ್ಟು ಬಿಗಿಯಾಗಿ ಕೂರಬಹುದು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದೆ. ಆಟೊಡಾಕ್ ವೀನಾ ಎಂಬ ತಂತ್ರಾಂಶ ಮೈನಸ್ 9.2 ಕಿಲೋಕ್ಯಾಲರಿ ಎಂದು ಕೊಟ್ಟಿತು. ಅದೇ ಜೋಡಿಯ ಬಗ್ಗೆ ಹುಡುಕಿದರೆ ಒಂದು ಲೇಖನದಲ್ಲಿ ಐಸಿ-50 ಹತ್ತಾರು ಮೈಕ್ರೋಮೋಲಾರ್ ಎಂದಿದೆ. ಇನ್ನೊಂದರಲ್ಲಿ ಫ್ಲೋರೆಸೆನ್ಸ್ ಕ್ವೆಂಚಿಂಗ್ ವಿಧಾನದಿಂದ ಕೆ-ಡಿ ಕೆಲವು ನೂರು ನ್ಯಾನೋಮೋಲಾರ್ ಎಂದಿದೆ. ಯಾವುದು ಸರಿ? ನಿಜವಾಗಿ ಲ್ಯಾಬಿನಲ್ಲಿ ಈ ಬಿಗಿತವನ್ನು ಅಳೆಯುವುದು ಹೇಗೆ?

ಉತ್ತರ: ನಿಮ್ಮ ಮುಂದಿರುವ ಮೂರು ಅಂಕಿಗಳು ಒಂದೇ ಪ್ರಶ್ನೆಯ ಮೂರು ಉತ್ತರಗಳಲ್ಲ. ಮೊದಲನೆಯದು ಕಂಪ್ಯೂಟರಿನ ಅಂದಾಜು, ಅಲ್ಲಿ ಯಾರೂ ಏನನ್ನೂ ಅಳೆದಿಲ್ಲ. ಎರಡನೆಯದು ಕಿಣ್ವದ ಕೆಲಸ ಎಷ್ಟು ತಗ್ಗಿತು ಎಂಬುದರ ಅಳತೆ. ಅದು ಬಂಧದ ಬಿಗಿತದ ಜೊತೆಗೆ ಆ ದಿನ ಟ್ಯೂಬಿನಲ್ಲಿ ಇನ್ನೇನೇನು ಇತ್ತು ಎಂಬುದನ್ನೂ ಅವಲಂಬಿಸಿದೆ. ಮೂರನೆಯದು ಬಂಧವನ್ನೇ ಅಳೆಯಲು ಹೊರಟದ್ದು, ಆದರೆ ಹಳದಿ ಬಣ್ಣದ ಅಣುವಿಗೆ ಆ ವಿಧಾನ ಅಪಾಯಕಾರಿ. ಹಾಗಾಗಿ ಇವುಗಳಲ್ಲಿ ಒಂದನ್ನು ಆರಿಸಿ ಕೊಡುವ ಬದಲು, ಇಂಥ ಒಂದು ಅಂಕಿ ಹೇಗೆ ಹುಟ್ಟುತ್ತದೆ, ಅದನ್ನು ನಂಬುವ ಮುನ್ನ ಏನು ಕೇಳಬೇಕು ಎಂದು ಬಿಡಿಸಿ ಹೇಳುತ್ತೇನೆ. ನಿಮ್ಮ ಪ್ರಾಜೆಕ್ಟಿಗೂ ಅದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮೊದಲು ಕೆ-ಡಿ. ಪ್ರೋಟೀನಿನ ಮೇಲೆ ಅಣು ಕೂರುವ ಒಂದು ಗೂಡು ಇರುತ್ತದೆ. ಅಣು ಬಂದು ಕೂರುತ್ತದೆ, ಸ್ವಲ್ಪ ಹೊತ್ತು ಇರುತ್ತದೆ, ಎದ್ದು ಹೋಗುತ್ತದೆ, ಮತ್ತೊಂದು ಬರುತ್ತದೆ. ಸಂಜೆಯ ಸಿಟಿ ಬಸ್ಸಿನಲ್ಲಿ ಹತ್ತುವವರು, ಇಳಿಯುವವರು ಸರಿಸಮನಾದಾಗ ಜನ ಬದಲಾಗುತ್ತಿದ್ದರೂ ತುಂಬಿದ ಸೀಟುಗಳ ಸಂಖ್ಯೆ ಹಾಗೇ ಉಳಿಯುತ್ತದಲ್ಲ, ಸಮತೋಲನ ಎಂದರೆ ಆ ಸ್ಥಿತಿ. ಎಷ್ಟು ಸಾಂದ್ರತೆಯ ಔಷಧ ದ್ರಾವಣದಲ್ಲಿ ಬಿಡಿಯಾಗಿ ತೇಲುತ್ತಿದ್ದರೆ ಪ್ರೋಟೀನಿನ ಅರ್ಧ ಗೂಡುಗಳು ತುಂಬಿರುತ್ತವೋ ಆ ಸಾಂದ್ರತೆಯೇ ಕೆ-ಡಿ. ಅದು ಚಿಕ್ಕದಾದಷ್ಟೂ ಬಂಧ ಬಿಗಿ. ಔಷಧ ಶೋಧದ ಆರಂಭದಲ್ಲಿ ಸಿಗುವ ಪುಟ್ಟ ತುಣುಕು ಅಣುಗಳು ಮಿಲಿಮೋಲಾರ್ ಮಟ್ಟದಲ್ಲಿ ಅಂಟುತ್ತವೆ (ಮೋಲಾರ್ ಎಂಬುದು ಸಾಂದ್ರತೆಯ ಅಳತೆ; ಮಿಲಿ, ಮೈಕ್ರೋ, ನ್ಯಾನೋ, ಪಿಕೋ, ಫೆಮ್ಟೋ ಎಂದು ಇಳಿದಂತೆ ಪ್ರತಿಯೊಂದೂ ಹಿಂದಿನದರ ಸಾವಿರದ ಒಂದು ಭಾಗ). ಒಳ್ಳೆಯ ಔಷಧಗಳಲ್ಲಿ ಬಹಳಷ್ಟು ನ್ಯಾನೋಮೋಲಾರ್ ಮಟ್ಟದಲ್ಲಿರುತ್ತವೆ, ಅಂದರೆ ಹತ್ತು ಲಕ್ಷ ಪಟ್ಟು ಬಿಗಿ. ಕೋಳಿಮೊಟ್ಟೆಯ ಬಿಳಿಯಲ್ಲಿರುವ ಅವಿಡಿನ್ ಎಂಬ ಪ್ರೋಟೀನು ಬಯೋಟಿನ್ ವಿಟಮಿನ್ನನ್ನು ಹಿಡಿಯುವ ಬಿಗಿತ ಫೆಮ್ಟೋಮೋಲಾರ್ ಮಟ್ಟದ್ದು, ನ್ಯಾನೋಮೋಲಾರ್‌ಗಿಂತ ಮತ್ತೆ ಹತ್ತು ಲಕ್ಷ ಪಟ್ಟು ಬಿಗಿ. ಜೀವಲೋಕದಲ್ಲಿ ಅದಕ್ಕೆ ಸಾಟಿಯಾಗುವ ಬಂಧಗಳು ವಿರಳ.

ಇದನ್ನು ಶಕ್ತಿಯ ಭಾಷೆಗೆ ತಿರುಗಿಸಿದರೆ ನಿಮ್ಮ ಮೈನಸ್ 9.2 ಅರ್ಥವಾಗುತ್ತದೆ. 25 ಡಿಗ್ರಿ ಉಷ್ಣತೆಯಲ್ಲಿ ಬಂಧ ಹತ್ತು ಪಟ್ಟು ಬಿಗಿಯಾಗಲು ಬೇಕಾದದ್ದು ಸುಮಾರು 1.36 ಕಿಲೋಕ್ಯಾಲರಿ ಮಾತ್ರ. ಆ ಲೆಕ್ಕದಲ್ಲಿ ಮೈನಸ್ 9.2 ಎಂದರೆ ಕೆ-ಡಿ ಸುಮಾರು 180 ನ್ಯಾನೋಮೋಲಾರ್. ಕೇಳಲು ಚೆನ್ನಾಗಿದೆ. ಆದರೆ ವೀನಾವನ್ನು ರೂಪಿಸಿದವರೇ 2010ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಅಳೆದ ಮೌಲ್ಯಗಳ ಜೊತೆ ಹೋಲಿಸಿದಾಗ ತಮ್ಮ ಅಂದಾಜಿನ ದೋಷ ಎರಡೂವರೆ ಕಿಲೋಕ್ಯಾಲರಿಗೂ ಮೀರಿದೆ ಎಂದು ತೋರಿಸಿದ್ದಾರೆ. 2.8 ಕಿಲೋಕ್ಯಾಲರಿ ಆಚೀಚೆ ಹೋದರೆ ನಿಮ್ಮ 180 ನ್ಯಾನೋಮೋಲಾರ್ ಒಂದು ತುದಿಯಲ್ಲಿ 2 ನ್ಯಾನೋಮೋಲಾರ್‌ಗೂ ಕಡಿಮೆ, ಇನ್ನೊಂದು ತುದಿಯಲ್ಲಿ 20 ಮೈಕ್ರೋಮೋಲಾರ್. ನೀವು ಹೇಳಿದ ಎರಡೂ ಲೇಖನಗಳ ಅಂಕಿಗಳು ಹೆಚ್ಚುಕಡಿಮೆ ಈ ವ್ಯಾಪ್ತಿಯಲ್ಲೇ ಸೇರಿಕೊಳ್ಳುತ್ತವೆ. ಇಷ್ಟು ಅಗಲದ ಅಂದಾಜು ಯಾವುದನ್ನೂ ದೃಢಪಡಿಸುವುದಿಲ್ಲ, ಯಾವುದನ್ನೂ ತಳ್ಳಿಹಾಕುವುದೂ ಇಲ್ಲ.

ಡಾಕಿಂಗ್ ನಿಷ್ಪ್ರಯೋಜಕ ಎಂದು ನಾನು ಹೇಳುತ್ತಿಲ್ಲ. ಲಕ್ಷಗಟ್ಟಲೆ ಅಣುಗಳ ಪಟ್ಟಿಯಿಂದ ಪ್ರಯೋಗಕ್ಕೆ ಯಾವ ನೂರನ್ನು ತರಿಸಬೇಕು ಎಂದು ಸೋಸಲು ಅದು ಬಲು ಒಳ್ಳೆಯ ಸಾಧನ. ಒಂದೇ ಅಣುವಿನ ಒಂದೇ ಸ್ಕೋರನ್ನು ಹಿಡಿದು "ಬಿಗಿಯಾಗಿ ಅಂಟುತ್ತದೆ" ಎಂದು ಬರೆಯುವುದು ಮಾತ್ರ ಅದರ ಕೆಲಸವಲ್ಲ. ಕೋವಿಡ್ ಕಾಲದಲ್ಲಿ ಗಿಡಮೂಲಿಕೆಗಳ ಅಣುಗಳ ಮೇಲೆ ಇಂಥ ಲೇಖನಗಳು ರಾಶಿ ರಾಶಿ ಬಂದವು. ಅವುಗಳಲ್ಲಿ ಬಹಳಷ್ಟು ಪ್ರಯೋಗದ ಮೇಜನ್ನು ಮುಟ್ಟಲೇ ಇಲ್ಲ.

ಡಾಕಿಂಗ್‌ಗೆ ಕಾಣದಿರುವುದು ಏನು ಎಂಬುದಕ್ಕೆ ಇಮ್ಯಾಟಿನಿಬ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಈ ಔಷಧ ಒಂದು ಬಗೆಯ ರಕ್ತ ಕ್ಯಾನ್ಸರಿನ ಚಿಕಿತ್ಸೆಯನ್ನೇ ಬದಲಿಸಿತು. ಅದು ಕೂರುವುದು ಏಬಲ್ ಎಂಬ ಕೈನೇಸಿನ ಗೂಡಿನಲ್ಲಿ. ಸಾರ್ಕ್ ಎಂಬ ಇನ್ನೊಂದು ಕೈನೇಸಿನ ಗೂಡೂ ಹೆಚ್ಚುಕಡಿಮೆ ಹಾಗೆಯೇ ಇದೆ, ಸ್ಫಟಿಕ ರಚನೆಯಲ್ಲಿ ಇಮ್ಯಾಟಿನಿಬ್ ಎರಡರಲ್ಲೂ ಒಂದೇ ಭಂಗಿಯಲ್ಲಿ ಕೂತಿರುವುದು ಕಾಣುತ್ತದೆ. ಆದರೂ ಅಳೆದು ನೋಡಿದರೆ ಸಾರ್ಕ್‌ಗಿಂತ ಏಬಲ್‌ಗೆ ಸಾವಿರಾರು ಪಟ್ಟು ಬಿಗಿಯಾಗಿ ಅಂಟುತ್ತದೆ. ಬ್ರ್ಯಾಂಡೈಸ್ ವಿಶ್ವವಿದ್ಯಾಲಯದ ಡೊರೊಥಿ ಕರ್ನ್ ಅವರ ತಂಡ 2014ರಲ್ಲಿ ಇದರ ಕಾರಣವನ್ನು ಬಿಡಿಸಿತು. ಔಷಧ ಕೂತ ಮೇಲೆ ಪ್ರೋಟೀನು ನಿಧಾನವಾಗಿ ತನ್ನ ಆಕಾರ ಬದಲಿಸಿ ಅದನ್ನು ಇನ್ನಷ್ಟು ಹಿಡಿದುಕೊಳ್ಳುತ್ತದೆ. ಏಬಲ್‌ನಲ್ಲಿ ಈ ಎರಡನೆಯ ಹೆಜ್ಜೆ ಬಲವಾಗಿ ಔಷಧದ ಕಡೆ ವಾಲುತ್ತದೆ, ಸಾರ್ಕ್‌ನಲ್ಲಿ ಹಾಗಾಗುವುದಿಲ್ಲ. ಅಲುಗಾಡದ ಪ್ರೋಟೀನಿನ ಒಂದೇ ಚಿತ್ರದಲ್ಲಿ ಅಣುವನ್ನು ತುರುಕಿ ನೋಡುವ ಡಾಕಿಂಗ್‌ಗೆ ಈ ವ್ಯತ್ಯಾಸ ಹೇಗೆ ಕಂಡೀತು?

ಇನ್ನು ಐಸಿ-50. ಕಿಣ್ವದ ಕೆಲಸವನ್ನು ಅರ್ಧಕ್ಕೆ ಇಳಿಸಲು ಬೇಕಾದ ಔಷಧದ ಸಾಂದ್ರತೆ ಅದು. ಕೈನೇಸುಗಳು ಜೀವಕೋಶದ ಶಕ್ತಿವಾಹಕ ಅಣುವಾದ ಎಟಿಪಿಯನ್ನು ಬಳಸುತ್ತವೆ, ಬಹಳಷ್ಟು ಔಷಧಗಳು ಅದೇ ಎಟಿಪಿಯ ಜಾಗಕ್ಕೆ ಪೈಪೋಟಿ ನಡೆಸುತ್ತವೆ. ಆದ್ದರಿಂದ ಟ್ಯೂಬಿಗೆ ಎಷ್ಟು ಎಟಿಪಿ ಹಾಕಿದಿರಿ ಎಂಬುದರ ಮೇಲೆ ಐಸಿ-50 ಏರುತ್ತದೆ, ಇಳಿಯುತ್ತದೆ. ಈ ಸಂಬಂಧವನ್ನು ಚೆಂಗ್ ಮತ್ತು ಪ್ರುಸಾಫ್ 1973ರಲ್ಲಿ ಸರಳ ಸೂತ್ರವಾಗಿ ಕೊಟ್ಟರು. ಕಿಣ್ವದ ಕೆ-ಎಂ, ಅಂದರೆ ಅದು ಅರ್ಧ ವೇಗದಲ್ಲಿ ಕೆಲಸ ಮಾಡಲು ಬೇಕಾದ ಎಟಿಪಿಯ ಸಾಂದ್ರತೆ, 20 ಮೈಕ್ರೋಮೋಲಾರ್, ಔಷಧದ ನಿಜವಾದ ಪ್ರತಿರೋಧ ಸ್ಥಿರಾಂಕ 10 ನ್ಯಾನೋಮೋಲಾರ್ ಎಂದುಕೊಳ್ಳಿ. 20 ಮೈಕ್ರೋಮೋಲಾರ್ ಎಟಿಪಿ ಹಾಕಿದರೆ ಐಸಿ-50 ಬರುವುದು 20 ನ್ಯಾನೋಮೋಲಾರ್. ಜೀವಕೋಶದಲ್ಲಿರುವಂತೆ 2 ಮಿಲಿಮೋಲಾರ್ ಹಾಕಿದರೆ ಅದೇ ಔಷಧ, ಅದೇ ಕಿಣ್ವಕ್ಕೆ ಐಸಿ-50 ಸುಮಾರು 1 ಮೈಕ್ರೋಮೋಲಾರ್. ಎರಡೂ ಸರಿಯಾದ ಅಳತೆಗಳೇ. ಎಟಿಪಿ ಎಷ್ಟಿತ್ತು ಎಂದು ಬರೆಯದ ಐಸಿ-50ಯನ್ನು ಇನ್ನೊಂದರ ಜೊತೆ ಹೋಲಿಸಲು ಬರುವುದಿಲ್ಲ. ನಿಮ್ಮ ಲೇಖನದ ವಿಧಾನ ವಿಭಾಗದಲ್ಲಿ ಮೊದಲು ಅದನ್ನು ಹುಡುಕಿ.

ಈಗ ನಾನು ಬಹಳ ಮುಖ್ಯ ಎಂದುಕೊಂಡಿರುವ ಮಾತಿಗೆ ಬರುತ್ತೇನೆ. ಕೆ-ಡಿ ಅಳೆಯುವ ಯಂತ್ರ ಯಾವುದೇ ಇರಲಿ, ಎರಡು ಪ್ರಶ್ನೆಗಳಿಗೆ ಉತ್ತರ ಇಲ್ಲದಿದ್ದರೆ ಆ ಅಂಕಿಗೆ ಬೆಲೆಯಿಲ್ಲ. ಸಾಕಷ್ಟು ಹೊತ್ತು ಕಾದಿರಾ? ಪ್ರೋಟೀನನ್ನು ಸಾಕಷ್ಟು ಕಡಿಮೆ ಹಾಕಿದಿರಾ?

ಕಾಯುವ ವಿಷಯ ನೋಡಿ. ಅಣು ಬಂದು ಕೂರುವ ವೇಗವನ್ನೂ ಎದ್ದು ಹೋಗುವ ವೇಗವನ್ನೂ ಬೇರೆ ಬೇರೆ ಅಂಕಿಗಳಲ್ಲಿ ಹೇಳುತ್ತಾರೆ, ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕೆ-ಡಿ. ಕೂರುವ ವೇಗಕ್ಕೆ ಒಂದು ಮೇಲ್ಮಿತಿ ಇದೆ, ದ್ರಾವಣದಲ್ಲಿ ಅಣುಗಳು ತೇಲಾಡಿ ಢಿಕ್ಕಿ ಹೊಡೆಯುವುದಕ್ಕಿಂತ ಬೇಗ ಯಾವುದೂ ಅಂಟಲಾರದು. ಆದ್ದರಿಂದ ಬಹಳ ಬಿಗಿಯಾದ ಬಂಧ ಎಂದರೆ ಬಹುತೇಕ ಯಾವಾಗಲೂ ನಿಧಾನವಾಗಿ ಬಿಡುವ ಬಂಧ. ಕೂರುವ ವೇಗ ಸೆಕೆಂಡಿಗೆ, ಮೋಲಾರ್‌ಗೆ 10 ಲಕ್ಷ ಎಂದಿಟ್ಟುಕೊಳ್ಳಿ, ಇದು ಸಾಮಾನ್ಯವಾಗಿ ಕಾಣುವ ಮೌಲ್ಯ. ಕೆ-ಡಿ 1 ಮೈಕ್ರೋಮೋಲಾರ್ ಆದರೆ ಕೂತ ಅಣುಗಳಲ್ಲಿ ಅರ್ಧ ಒಂದು ಸೆಕೆಂಡಿನೊಳಗೆ ಎದ್ದು ಹೋಗುತ್ತವೆ. 1 ನ್ಯಾನೋಮೋಲಾರ್ ಆದರೆ ಅರ್ಧ ಹೋಗಲು 11 ನಿಮಿಷಕ್ಕೂ ಹೆಚ್ಚು ಬೇಕು. 1 ಪಿಕೋಮೋಲಾರ್ ಆದರೆ ಸುಮಾರು 8 ದಿನ! ಕಡಿಮೆ ಸಾಂದ್ರತೆಯಲ್ಲಿ ಸಮತೋಲನಕ್ಕೆ ಬರಲು ಇಂಥ ಐದು ಅರ್ಧಾವಧಿಗಳಾದರೂ ಬೇಕು. ಪ್ರಯೋಗ ಮಾಡುವವರೆಲ್ಲ ವಾಡಿಕೆಯಂತೆ ಅರ್ಧ ಗಂಟೆ ಇಟ್ಟು ಪ್ಲೇಟ್ ಓದಿದರೆ, ದುರ್ಬಲ ಅಣುಗಳ ಅಳತೆ ಸರಿಯಾಗಿ ಬರುತ್ತದೆ, ಅತ್ಯಂತ ಬಿಗಿಯಾದ ಅಣುಗಳೇ ತಮ್ಮ ನಿಜಕ್ಕಿಂತ ಸಡಿಲವಾಗಿ ಕಾಣುತ್ತವೆ. ಯಾವ ಅಣು ನಮಗೆ ಬೇಕಾಗಿತ್ತೋ ಅದರ ಅಳತೆಯೇ ತಪ್ಪುತ್ತದೆ. ಪರಿಹಾರ ಕಷ್ಟದ್ದೇನಲ್ಲ, ಅದೇ ಪ್ರಯೋಗವನ್ನು ಎರಡು ಮೂರು ಬೇರೆ ಬೇರೆ ಕಾಯುವ ಅವಧಿಗಳಲ್ಲಿ ಮಾಡಿ. ಅಂಕಿ ಬದಲಾಗದಿದ್ದರೆ ಸಮತೋಲನ ಬಂದಿದೆ ಎಂದು ಹೇಳಬಹುದು.

ಎರಡನೆಯದು ಪ್ರೋಟೀನಿನ ಪ್ರಮಾಣ. ಟ್ಯೂಬಿನಲ್ಲಿ 100 ನ್ಯಾನೋಮೋಲಾರ್ ಪ್ರೋಟೀನು ಇದೆ, ಔಷಧದ ನಿಜವಾದ ಕೆ-ಡಿ 1 ನ್ಯಾನೋಮೋಲಾರ್ ಎಂದುಕೊಳ್ಳಿ. ಹಾಕಿದ ಔಷಧವೆಲ್ಲ ಪ್ರೋಟೀನಿಗೇ ಅಂಟಿ ಮುಗಿದುಹೋಗುತ್ತದೆ, ಬಿಡಿಯಾಗಿ ಉಳಿಯುವುದು ತೀರ ಕಡಿಮೆ. ಅರ್ಧ ಗೂಡುಗಳು ತುಂಬಬೇಕಾದರೆ 50 ನ್ಯಾನೋಮೋಲಾರ್ ಔಷಧ ಅಂಟಿಕೊಳ್ಳಲಿಕ್ಕೇ ಬೇಕು, ಅದರ ಮೇಲೆ 1 ನ್ಯಾನೋಮೋಲಾರ್ ಬಿಡಿಯಾಗಿ ಇರಬೇಕು, ಒಟ್ಟು 51. ಹಾಕಿದ ಔಷಧದ ಲೆಕ್ಕ ಹಿಡಿದು ವಕ್ರರೇಖೆ ಎಳೆದವರಿಗೆ ಕೆ-ಡಿ 51 ನ್ಯಾನೋಮೋಲಾರ್ ಎಂದು ಕಾಣುತ್ತದೆ. ಇದಕ್ಕಿಂತ ಹತ್ತು ಪಟ್ಟು ಬಿಗಿಯಾದ ಇನ್ನೊಂದು ಅಣುವನ್ನು ತಂದರೆ? 50.1. ಎರಡರ ನಡುವಿನ ವ್ಯತ್ಯಾಸವೇ ಅಳಿಸಿಹೋಯಿತು. ಆಗ ಅಳತೆಯಾದದ್ದು ಬಂಧದ ಬಿಗಿತವಲ್ಲ, ಟ್ಯೂಬಿಗೆ ಎಷ್ಟು ಪ್ರೋಟೀನು ಹಾಕಿದಿರಿ ಎಂಬುದು. ಐಸಿ-50ಗೂ ಇದೇ ಕಟ್ಟು ಇದೆ, ಕಿಣ್ವದ ಸಾಂದ್ರತೆಯ ಅರ್ಧಕ್ಕಿಂತ ಕೆಳಗೆ ಅದು ಇಳಿಯಲಾರದು. ಪ್ರೋಟೀನು ಕೆ-ಡಿಗಿಂತ ಸಾಕಷ್ಟು ಕಡಿಮೆ ಇರಬೇಕು. ಅಷ್ಟು ಕಡಿಮೆ ಹಾಕಲು ಆಗದಿದ್ದರೆ ಔಷಧ ಖರ್ಚಾಗುವುದನ್ನು ಲೆಕ್ಕಕ್ಕೆ ಹಿಡಿಯುವ ವರ್ಗ ಸಮೀಕರಣವನ್ನು ಬಳಸಬೇಕು. ಕಿಣ್ವಗಳಿಗೆ ಅದನ್ನು ಮಾರಿಸನ್ 1969ರಲ್ಲಿಯೇ ಬರೆದುಕೊಟ್ಟಿದ್ದಾರೆ.

ಇವು ಕಾಲೇಜಿನ ಭೌತಿಕ ರಸಾಯನಶಾಸ್ತ್ರದ ಪಾಠದಲ್ಲೇ ಬರುವ ಸಂಗತಿಗಳು ಅನ್ನಿಸಬಹುದು. ಸ್ಟ್ಯಾನ್‌ಫರ್ಡ್‌ನ ಡ್ಯಾನಿಯಲ್ ಹರ್ಷ್‌ಲ್ಯಾಗ್ ಅವರ ತಂಡ 2020ರಲ್ಲಿ ನೂರು ಪ್ರಕಟಿತ ಅಧ್ಯಯನಗಳನ್ನು ತೆರೆದು ಇವೇ ಎರಡು ಪರೀಕ್ಷೆಗಳನ್ನು ಹುಡುಕಿತು. ಅವು ಆರ್‌ಎನ್‌ಎ ಮತ್ತು ಪ್ರೋಟೀನುಗಳ ಬಂಧದ ಅಧ್ಯಯನಗಳು. ಬಹುಪಾಲು ಲೇಖನಗಳಲ್ಲಿ ಕಾಯುವ ಅವಧಿಯನ್ನು ಬದಲಿಸಿ ನೋಡಿದ ದಾಖಲೆ ಇರಲಿಲ್ಲ, ಪ್ರೋಟೀನಿನ ಪ್ರಮಾಣದ ಪರೀಕ್ಷೆ ಇದ್ದದ್ದು ಬೆರಳೆಣಿಕೆಯಷ್ಟರಲ್ಲಿ. ಒಳ್ಳೆಯ ಪತ್ರಿಕೆಗಳಲ್ಲೂ ಹೀಗಿರುವುದು ನನಗೆ ತೀರಾ ಬೇಸರದ ಸಂಗತಿ. ಈ ಅಂಕಿಗಳನ್ನು ನಂಬಿ ಮುಂದಿನವರು ವರ್ಷಗಟ್ಟಲೆ ಕೆಲಸ ಮಾಡುತ್ತಾರೆ.

ಯಂತ್ರಗಳ ವಿಷಯಕ್ಕೆ ಬರೋಣ. ನನಗೆ ಅತ್ಯಂತ ಪ್ರಿಯವಾದದ್ದು ಐಟಿಸಿ, ಅಂದರೆ ಬಂಧವಾಗುವಾಗ ಹೊರಬರುವ ಅಥವಾ ಒಳಹೋಗುವ ಶಾಖವನ್ನೇ ಅಳೆಯುವ ವಿಧಾನ. ಪ್ರೋಟೀನಿಗೆ ಬಣ್ಣ ಹಚ್ಚಬೇಕಿಲ್ಲ, ಯಾವುದಕ್ಕೂ ಅಂಟಿಸಬೇಕಿಲ್ಲ. ನಾಣ್ಯದಾಕಾರದ ಒಂದು ಚಿಕ್ಕ ಲೋಹದ ಕೋಶದಲ್ಲಿ 200 ಮೈಕ್ರೋಲೀಟರ್ ಪ್ರೋಟೀನ್ ದ್ರಾವಣ, ಪಕ್ಕದ ಅಂಥದ್ದೇ ಕೋಶದಲ್ಲಿ ನೀರು. ಮೇಲಿನಿಂದ ಇಳಿದಿರುವ ಸಿರಿಂಜಿನ ಸೂಜಿಯ ತುದಿಯೇ ತಿರುಗುತ್ತಾ ಕಲಕುತ್ತದೆ. ಸಿರಿಂಜಿನೊಳಗಿನ ಔಷಧದಿಂದ 2 ಮೈಕ್ರೋಲೀಟರ್ ಒಳಗೆ ಬಿದ್ದಾಗ ಶಾಖ ಹುಟ್ಟುತ್ತದೆ. ಎರಡೂ ಕೋಶಗಳನ್ನು ಒಂದೇ ಉಷ್ಣತೆಯಲ್ಲಿಡಲು ಯಂತ್ರ ಹೀಟರಿನ ವಿದ್ಯುತ್ತನ್ನು ಚೂರು ತಗ್ಗಿಸುತ್ತದೆ. ಆ ತಗ್ಗು ಪರದೆಯ ಮೇಲೆ ಚೂಪಾದ ಒಂದು ಹಲ್ಲಿನಂತೆ ಮೂಡುತ್ತದೆ, ಎರಡು ಮೂರು ನಿಮಿಷದಲ್ಲಿ ಗೆರೆ ಮತ್ತೆ ಸಮಕ್ಕೆ ಬರುತ್ತದೆ. ಮತ್ತೆ 2 ಮೈಕ್ರೋಲೀಟರ್. ಮೊದಮೊದಲು ಹಲ್ಲುಗಳು ಉದ್ದ, ಗೂಡುಗಳು ತುಂಬುತ್ತಾ ಬಂದಂತೆ ಗಿಡ್ಡ, ಕೊನೆಗೆ ಔಷಧ ನೀರಿಗೆ ಬೆರೆಯುವ ಸಣ್ಣ ಶಾಖವಷ್ಟೇ. ಈ ಒಂದೇ ಪ್ರಯೋಗದಿಂದ ಕೆ-ಡಿ, ಎಂಥಾಲ್ಪಿ (ಬಂಧದ ಶಾಖ), ಒಂದು ಪ್ರೋಟೀನಿಗೆ ಎಷ್ಟು ಅಣು ಎಂಬ ಅನುಪಾತ ಮೂರೂ ಸಿಗುತ್ತವೆ. ಅನುಪಾತ 1ರ ಬದಲು 0.5 ಬಂದರೆ ನಿಮ್ಮ ಪ್ರೋಟೀನಿನಲ್ಲಿ ಅರ್ಧ ಕೆಟ್ಟಿದೆಯೇ, ಸಾಂದ್ರತೆಯ ಲೆಕ್ಕ ತಪ್ಪಿದೆಯೇ ಎಂದು ಮೊದಲು ನೋಡಬೇಕು. ಬೇರೆ ವಿಧಾನಗಳಲ್ಲಿ ಈ ಎಚ್ಚರಿಕೆ ಇಷ್ಟು ನೇರವಾಗಿ ಸಿಗುವುದಿಲ್ಲ.

ಐಟಿಸಿಗೆ ಪ್ರೋಟೀನು ಬಹಳ ಬೇಕು. 40 ಕಿಲೋಡಾಲ್ಟನ್ ತೂಕದ ಪ್ರೋಟೀನಾದರೆ ಒಂದು ಓಟಕ್ಕೆ 20 ಮೈಕ್ರೋಮೋಲಾರ್ ಲೆಕ್ಕದಲ್ಲಿ, ಕೋಶ ತುಂಬಿಸುವಾಗಿನ ಹೆಚ್ಚುವರಿ ದ್ರಾವಣವೂ ಸೇರಿ, ಸುಮಾರು ಕಾಲು ಮಿಲಿಗ್ರಾಂ. ಕೈನೇಸನ್ನು ಶುದ್ಧ ಮಾಡಿದವರಿಗೆ ಅದರ ಕಷ್ಟ ಗೊತ್ತು. ಇನ್ನೊಂದು ತೊಡಕು ಡಿಎಂಎಸ್‌ಒ. ನೀರಿನಲ್ಲಿ ಕರಗದ ಔಷಧವನ್ನು ಅದರಲ್ಲಿ ಕರಗಿಸಿ ತರುತ್ತೇವೆ. ಸಿರಿಂಜಿನಲ್ಲಿ 2 ಶೇಕಡಾ, ಕೋಶದಲ್ಲಿ 1 ಶೇಕಡಾ ಇದ್ದರೆ ಡಿಎಂಎಸ್‌ಒ ನೀರಿಗೆ ಬೆರೆಯುವ ಶಾಖವೇ ದೊಡ್ಡದಾಗಿ ಬಂದು ಬಂಧದ ಶಾಖವನ್ನು ಮುಳುಗಿಸುತ್ತದೆ. ಎರಡೂ ಕಡೆ ಬಫರ್ ಒಂದೇ ಡಯಾಲಿಸಿಸ್‌ನದ್ದಾಗಿರಬೇಕು, ಡಿಎಂಎಸ್‌ಒ ಹನಿ ಹನಿಯೂ ಸಮನಾಗಿರಬೇಕು.

20 ಮೈಕ್ರೋಮೋಲಾರ್ ಪ್ರೋಟೀನು ಹಾಕಿ ನ್ಯಾನೋಮೋಲಾರ್ ಬಂಧ ಅಳೆಯಲು ಹೊರಟರೆ ಮೇಲೆ ಹೇಳಿದ ಎರಡನೆಯ ತೊಂದರೆ ತಲೆಯೆತ್ತುತ್ತದೆ, ವಕ್ರರೇಖೆ ಮೆಟ್ಟಿಲಿನಂತೆ ಕಡಿದಾಗಿಬಿಡುತ್ತದೆ. ಅದಕ್ಕೆ ಒಂದು ಚೆಂದದ ದಾರಿಯಿದೆ. ಮೊದಲು ಗೂಡುಗಳಲ್ಲಿ ಸಡಿಲವಾಗಿ ಅಂಟುವ ಅಣುವನ್ನು ತುಂಬಿಸಿ, ಆಮೇಲೆ ಬಿಗಿಯಾದ ಅಣುವನ್ನು ಹಾಕಿ ಅದು ಇದನ್ನು ಹೊರದೂಡುವ ಶಾಖವನ್ನು ಅಳೆಯುವುದು. ಎಚ್‌ಐವಿ ಔಷಧ ಡಾರುನಾವಿರ್ ವೈರಸ್ಸಿನ ಪ್ರೋಟಿಯೇಸ್ ಕಿಣ್ವಕ್ಕೆ ಪಿಕೋಮೋಲಾರ್ ಮಟ್ಟದಲ್ಲಿ ಅಂಟುತ್ತದೆ ಎಂದು ತಿಳಿದದ್ದು ಹೀಗೆ. ಅದರ ಬಿಗಿತದ ಬಹುಪಾಲು ಎಂಥಾಲ್ಪಿಯಿಂದ, ಅಂದರೆ ಹೈಡ್ರೋಜನ್ ಬಂಧಗಳಂಥ ನೇರ ಹಿಡಿತಗಳಿಂದ ಬರುತ್ತದೆ ಎಂಬುದೂ ಆಗಲೇ ಕಂಡಿತು. ಅದೇ ಕಿಣ್ವದ ಮೊದಲ ತಲೆಮಾರಿನ ಔಷಧಗಳು ಹೆಚ್ಚಾಗಿ ಎಂಟ್ರೊಪಿಯನ್ನೇ, ಅಂದರೆ ಅಸ್ತವ್ಯಸ್ತತೆ ಹೆಚ್ಚುವುದನ್ನೇ, ನೆಚ್ಚಿಕೊಂಡಿದ್ದವು.

ಎಸ್‌ಪಿಆರ್ ಬೇರೆ ದಾರಿ ಹಿಡಿಯುತ್ತದೆ. ಸ್ವೀಡನ್ನಿನ ಉಪ್ಸಾಲಾದಲ್ಲಿ ತಯಾರಾದ ಬಯಾಕೋರ್ ಯಂತ್ರ 1990ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ ಔಷಧ ಕಂಪನಿಗಳಲ್ಲಿ ಇದು ದಿನಬಳಕೆಯ ಸಾಧನವಾಗಿದೆ. ಚಿನ್ನದ ತೆಳು ಪದರವಿರುವ ಪುಟ್ಟ ಚಿಪ್ ಮೇಲೆ ಪ್ರೋಟೀನನ್ನು ಕಟ್ಟಿಹಾಕಿ ಅದರ ಮೇಲೆ ಔಷಧದ ದ್ರಾವಣ ಹರಿಸುತ್ತಾರೆ. ಅಣುಗಳು ಕೂತಂತೆ ಮೇಲ್ಮೈಯಲ್ಲಿ ಬೆಳಕಿನ ವರ್ತನೆ ಬದಲಾಗುತ್ತದೆ, ಗೆರೆ ಏರುತ್ತದೆ. ಬರೀ ಬಫರ್ ಹರಿಸಿದಾಗ ಅಣುಗಳು ಎದ್ದು ಹೋಗುತ್ತಾ ಗೆರೆ ಇಳಿಯುತ್ತದೆ. ಕೂರುವ, ಬಿಡುವ ಎರಡೂ ವೇಗಗಳು ಕಣ್ಣಿಗೇ ಕಾಣುವುದು ಇದರ ದೊಡ್ಡ ಲಾಭ. ಸಣ್ಣ ಅಣುಗಳ ಸಂಕೇತ ಮಾತ್ರ ಸಣ್ಣದು. 40 ಕಿಲೋಡಾಲ್ಟನ್ ಪ್ರೋಟೀನು 3000 ಯೂನಿಟ್ (ಯಂತ್ರದ ಸಂಕೇತದ ಅಳತೆ) ಕಟ್ಟಿದ್ದರೆ 400 ಡಾಲ್ಟನ್ ತೂಕದ ಔಷಧ ಎಲ್ಲ ಗೂಡುಗಳನ್ನು ತುಂಬಿದರೂ ಬರುವುದು ಹೆಚ್ಚೆಂದರೆ 30 ಯೂನಿಟ್. ಈ ಗುಣಾಕಾರ ನಿಮಗೆ ಒಳ್ಳೆಯ ತಪಾಸಣೆಯೂ ಹೌದು. 30 ಬರಬೇಕಾದಲ್ಲಿ 200 ಬಂದಿದ್ದರೆ ಅಣು ಗೂಡಿನಲ್ಲಿ ಕೂತಿಲ್ಲ, ಮೇಲ್ಮೈಗೆಲ್ಲ ಮೆತ್ತಿಕೊಂಡಿದೆ.

ಪ್ರೋಟೀನನ್ನು ನಿಧಾನಕ್ಕೆ ಕಾಯಿಸಿ ಅದು ಬಿಚ್ಚಿಕೊಳ್ಳುವ ಉಷ್ಣತೆ ಔಷಧದಿಂದ ಎಷ್ಟು ಏರಿತು ಎಂದು ನೋಡುವ ವಿಧಾನವೂ ಇದೆ, ರಿಯಲ್-ಟೈಮ್ ಪಿಸಿಆರ್ ಯಂತ್ರವಿದ್ದರೆ ಸಾಕು. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯವರು 2013ರಲ್ಲಿ ಇದನ್ನು ಜೀವಕೋಶದೊಳಗೇ ಮಾಡುವ ದಾರಿ ತೋರಿಸಿದರು. ಸೋಸುವುದಕ್ಕೆ ಒಳ್ಳೆಯದು. ಆದರೆ "3 ಡಿಗ್ರಿ ಏರಿತು" ಎಂಬುದನ್ನು ಕೆ-ಡಿಯಾಗಿ ಓದಬೇಡಿ.

ಈಗ ನಿಮ್ಮ ಮೂರನೆಯ ಅಂಕಿ, ಫ್ಲೋರೆಸೆನ್ಸ್ ಕ್ವೆಂಚಿಂಗ್. ಪ್ರೋಟೀನಿನಲ್ಲಿರುವ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲವನ್ನು 280 ಅಥವಾ 295 ನ್ಯಾನೋಮೀಟರಿನಲ್ಲಿ ಉದ್ದೀಪಿಸಿದರೆ ಸುಮಾರು 340ರಲ್ಲಿ ಬೆಳಕು ಸೂಸುತ್ತದೆ. ಔಷಧ ಹಾಕುತ್ತಾ ಹೋದಂತೆ ಬೆಳಕು ಕುಂದಿದರೆ ಅಂಟಿಕೊಂಡಿತು ಎಂದು ತಿಳಿಯುತ್ತಾರೆ. ಸ್ಪೆಕ್ಟ್ರೊಫ್ಲೋರಿಮೀಟರ್ ನಮ್ಮ ವಿಶ್ವವಿದ್ಯಾಲಯಗಳಲ್ಲೂ ಸಿಗುವುದರಿಂದ ಈ ಬಗೆಯ ಲೇಖನಗಳು ಬಹಳ. ಕರ್ಕ್ಯುಮಿನ್ ಗಾಢ ಹಳದಿ, ಅದು ಮುಖ್ಯವಾಗಿ 425 ನ್ಯಾನೋಮೀಟರಿನ ಆಸುಪಾಸಿನಲ್ಲಿ ಬೆಳಕು ಹೀರಿದರೂ ಅದರ ಹೀರುವಿಕೆ ಕೆಳಗಿನವರೆಗೆ ಚಾಚಿಕೊಂಡಿದೆ. ಅಂದರೆ ಒಳಬರುವ ಬೆಳಕನ್ನೂ, ಟ್ರಿಪ್ಟೊಫ್ಯಾನ್ ಸೂಸುವ ಬೆಳಕನ್ನೂ ದ್ರಾವಣದಲ್ಲಿ ಸುಮ್ಮನೆ ತೇಲುತ್ತಿರುವ ಕರ್ಕ್ಯುಮಿನ್ನೇ ನುಂಗುತ್ತದೆ. ಒಂದೇ ಒಂದು ಅಣು ಪ್ರೋಟೀನಿಗೆ ಅಂಟದಿದ್ದರೂ ಬೆಳಕು ಕುಂದುತ್ತದೆ, ಚೆಂದದ ವಕ್ರರೇಖೆಯೂ ಬರುತ್ತದೆ. ಇದನ್ನು ಬಯಲು ಮಾಡುವ ಪರೀಕ್ಷೆ ಅಗ್ಗದ್ದು. ಪ್ರೋಟೀನಿನ ಬದಲು ಬರೀ ಟ್ರಿಪ್ಟೊಫ್ಯಾನ್ ದ್ರಾವಣ ತೆಗೆದುಕೊಂಡು ಅಷ್ಟಷ್ಟೇ ಕರ್ಕ್ಯುಮಿನ್ ಹಾಕಿ. ಅಲ್ಲೂ ಬೆಳಕು ಅದೇ ರೀತಿ ಇಳಿದರೆ ನೀವು ನೋಡುತ್ತಿರುವುದು ಬಂಧವಲ್ಲ. ನಿಮ್ಮ ಲೇಖನದಲ್ಲಿ ಈ ಪರೀಕ್ಷೆಯೋ ಹೀರುವಿಕೆಯ ತಿದ್ದುಪಡಿಯೋ ಇಲ್ಲದಿದ್ದರೆ ಆ ಕೆ-ಡಿಯನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಕರ್ಕ್ಯುಮಿನ್‌ನ ತೊಂದರೆ ಅಲ್ಲಿಗೇ ಮುಗಿಯುವುದಿಲ್ಲ. ದೇಹದ ಉಷ್ಣತೆಯಲ್ಲಿ, ಪಿಎಚ್ 7.2ರ ಸಾದಾ ಬಫರಿನಲ್ಲಿ ಅದರ ಸುಮಾರು 90 ಶೇಕಡಾ ಅರ್ಧ ಗಂಟೆಯಲ್ಲಿ ಒಡೆದುಹೋಗುತ್ತದೆ ಎಂದು 1997ರಲ್ಲೇ ಪ್ರಕಟವಾಗಿದೆ. ಸಮತೋಲನಕ್ಕಾಗಿ ಕಾಯಬೇಕು ಎಂದು ಮೇಲೆ ಹೇಳಿದೆ. ಇಲ್ಲಿ ಕಾಯುತ್ತಾ ಕೂತರೆ ಅಳೆಯಬೇಕಾದ ಅಣುವೇ ಉಳಿಯುವುದಿಲ್ಲ! ಜೊತೆಗೆ ಅದು ಲೋಹದ ಅಯಾನುಗಳನ್ನು ಹಿಡಿಯುತ್ತದೆ, ಪ್ರೋಟೀನಿನ ಜೊತೆ ರಾಸಾಯನಿಕವಾಗಿ ವರ್ತಿಸಬಲ್ಲದು, ಮೈಕ್ರೋಮೋಲಾರ್ ಮಟ್ಟದಲ್ಲಿ ಒಟ್ಟುಗೂಡಿ ಕಣಗಳಾಗುತ್ತದೆ. ಇಂಥ ಕಣಗಳು ಕಿಣ್ವಗಳನ್ನು ತಮ್ಮ ಮೈಗೆ ಅಂಟಿಸಿಕೊಂಡು ನಿಷ್ಕ್ರಿಯ ಮಾಡುತ್ತವೆ, ಗೂಡಿಗೂ ಅದಕ್ಕೂ ಸಂಬಂಧವೇ ಇಲ್ಲ. ಬ್ರಯಾನ್ ಶಾಯ್ಕೆಟ್ ಅವರ ತಂಡ 2002ರಿಂದ ಇದನ್ನು ಒಂದಾದ ಮೇಲೊಂದು ಪ್ರಬಂಧದಲ್ಲಿ ತೋರಿಸಿಕೊಟ್ಟಿದೆ. ಪರೀಕ್ಷೆ ಮತ್ತೆ ಸುಲಭ. ಟ್ಯೂಬಿಗೆ 0.01 ಶೇಕಡಾ ಟ್ರೈಟಾನ್ ಎಕ್ಸ್-100 ಎಂಬ ಡಿಟರ್ಜೆಂಟ್ ಹಾಕಿ, ಪ್ರತಿರೋಧ ಮಾಯವಾದರೆ ಅದು ಕಣಗಳ ಕೆಲಸ. ಕರ್ಕ್ಯುಮಿನ್ ಮೇಲಿನ ಸಾವಿರಾರು ಲೇಖನಗಳನ್ನು ಪರಿಶೀಲಿಸಿ ಅಮೆರಿಕದ ಔಷಧ ರಸಾಯನಶಾಸ್ತ್ರಜ್ಞರು 2017ರಲ್ಲಿ ಬರೆದ ವಿಮರ್ಶೆ ಇವೆಲ್ಲವನ್ನೂ ಒಂದೆಡೆ ತಂದಿದೆ. ಅರಿಶಿನದ ಬಗ್ಗೆ ನಮಗಿರುವ ಗೌರವಕ್ಕೆ ಇದರಿಂದ ಏನೂ ಕುಂದಿಲ್ಲ. ಆದರೆ ನಮ್ಮದೇ ಅಡುಗೆಮನೆಯ ವಸ್ತು ಎಂಬ ಕಾರಣಕ್ಕೆ ಪರೀಕ್ಷೆಗಳನ್ನು ಸಡಿಲಿಸುವುದು ಅದಕ್ಕೆ ಮಾಡುವ ಗೌರವವಲ್ಲ.

ಕೆ-ಡಿ ಒಂದರಿಂದಲೇ ಔಷಧದ ಗುಣ ತಿಳಿಯುವುದಿಲ್ಲ ಎಂಬುದನ್ನೂ ಸೇರಿಸುತ್ತೇನೆ. ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವವರು ಬಳಸುವ ಇನ್‌ಹೇಲರುಗಳಲ್ಲಿ ಇಪ್ರಾಟ್ರೋಪಿಯಂ ಹಳೆಯದು, ದಿನಕ್ಕೆ ಮೂರು ನಾಲ್ಕು ಬಾರಿ ಎಳೆದುಕೊಳ್ಳಬೇಕು. ಟಯೋಟ್ರೋಪಿಯಂ ದಿನಕ್ಕೆ ಒಂದೇ ಬಾರಿ. ಎರಡೂ ಕೂರುವುದು ಶ್ವಾಸನಾಳದ ಎಂ-3 ಗ್ರಾಹಕದ ಮೇಲೆ. 1990ರ ದಶಕದ ಅಳತೆಗಳಲ್ಲಿ ಇಪ್ರಾಟ್ರೋಪಿಯಂ ಅರ್ಧದಷ್ಟು ಬಿಟ್ಟುಹೋಗಲು ಕಾಲು ಗಂಟೆ ಸಾಕಾದರೆ ಟಯೋಟ್ರೋಪಿಯಂಗೆ ಸುಮಾರು 35 ಗಂಟೆ ಬೇಕಾಯಿತು. ಉಪ್ಪು, ಉಷ್ಣತೆ ಬದಲಿಸಿದರೆ ಈ ಗಂಟೆಗಳೂ ಬದಲಾಗುತ್ತವೆ, ಆದರೆ ಎರಡರ ನಡುವಿನ ದೊಡ್ಡ ಅಂತರ ಉಳಿಯುತ್ತದೆ. ರೋಗಿಗೆ ದಿನಕ್ಕೊಂದೇ ಡೋಸ್ ಸಾಕಾಗುವುದಕ್ಕೆ ಈ ನಿಧಾನದ ಬಿಡುಗಡೆಯೇ ಮುಖ್ಯ ಕಾರಣ.

ನಿಮ್ಮ ಪ್ರಾಜೆಕ್ಟಿನಲ್ಲಿ ಏನು ಮಾಡಬಹುದು? ಡಾಕಿಂಗ್ ಭಾಗವನ್ನು ಬಿಡಬೇಡಿ, ಆದರೆ ಅದರ ಪಕ್ಕದಲ್ಲಿ ಹೋಲಿಕೆ ಇಡಿ. ಸ್ಫಟಿಕ ರಚನೆಯಲ್ಲಿದ್ದ ಅಣುವನ್ನು ತೆಗೆದು ಮತ್ತೆ ಅಲ್ಲೇ ಡಾಕ್ ಮಾಡಿ, ಅದೇ ಭಂಗಿ ಬರುತ್ತದೆಯೇ ನೋಡಿ. ಬಹುತೇಕ ಕೈನೇಸುಗಳಿಗೆ ಬಿಗಿಯಾಗಿ ಅಂಟುವ ಸ್ಟಾರೊಸ್ಪೋರಿನ್ ಮತ್ತು ಅಂಟದೆಂದು ಗೊತ್ತಿರುವ ಒಂದಷ್ಟು ಅಣುಗಳನ್ನೂ ಹಾಕಿ ಸ್ಕೋರುಗಳನ್ನು ಒಟ್ಟಿಗೆ ಕೊಡಿ. ಅಂಟದ ಅಣುಗಳಿಗೂ ಮೈನಸ್ 9 ಬಂದರೆ ಅದನ್ನೂ ಮುಚ್ಚಿಡದೆ ಬರೆಯಿರಿ. "ಬಂಧ ಶಕ್ತಿ" ಎನ್ನುವ ಕಡೆಯೆಲ್ಲ "ಡಾಕಿಂಗ್ ಸ್ಕೋರ್" ಎಂದು ತಿದ್ದಿ. ಐಟಿಸಿ, ಎಸ್‌ಪಿಆರ್ ಯಂತ್ರಗಳು ಬೆಂಗಳೂರಿನ ದೊಡ್ಡ ಸಂಶೋಧನಾ ಸಂಸ್ಥೆಗಳಲ್ಲಿವೆ. ಗೈಡ್ ಮೂಲಕ ಪತ್ರ ಬರೆದು ಕೇಳುವುದರಲ್ಲಿ ಸಂಕೋಚ ಬೇಡ, ಆದರೆ ಕೇಳುವ ಮುನ್ನ ಪ್ರೋಟೀನು ನಿಮ್ಮ ಕೈಯಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿ ಇರಬೇಕು.

ಅದಕ್ಕೂ ಮೊದಲು ನಿಮ್ಮ ಕಾಲೇಜಿನ ಸ್ಪೆಕ್ಟ್ರೊಫೋಟೊಮೀಟರಿನಲ್ಲೇ ಮಾಡಬಹುದಾದ ಒಂದು ಕೆಲಸವಿದೆ. ನೀವು ಬಳಸಬೇಕೆಂದಿರುವ ಬಫರಿನಲ್ಲಿ 10 ಮೈಕ್ರೋಮೋಲಾರ್ ಕರ್ಕ್ಯುಮಿನ್ ಹಾಕಿ 425 ನ್ಯಾನೋಮೀಟರಿನಲ್ಲಿ ಐದೈದು ನಿಮಿಷಕ್ಕೊಮ್ಮೆ ಒಂದು ಗಂಟೆ ಓದಿ. ಒಮ್ಮೆ ಟ್ರೈಟಾನ್ ಇಲ್ಲದೆ, ಒಮ್ಮೆ ಟ್ರೈಟಾನ್ ಹಾಕಿ, ಒಮ್ಮೆ ಪ್ರೋಟೀನಿನ ಜೊತೆ. ಅಣು ಎಷ್ಟು ಹೊತ್ತು ಉಳಿಯುತ್ತದೆ ಎಂದು ಆ ಗೆರೆಗಳೇ ಹೇಳುತ್ತವೆ. ಉಳಿಯುವ ಹೊತ್ತಿಗಿಂತ ನಿಮ್ಮ ಪ್ರಯೋಗದ ಕಾಯುವ ಅವಧಿ ಹೆಚ್ಚಾಗಿದ್ದರೆ ಕೆ-ಡಿ ಅಳೆಯಲು ಹೊರಡಬೇಡಿ, ಗೈಡ್ ಜೊತೆ ಕೂತು ಅಣುವನ್ನೇ ಬದಲಿಸುವ ಮಾತಾಡಿ.